ಬೇಟೆಯ ರೈಫಲಿನ ಗುರಿಯೂ ಅದರ ಮರದ ಹಾಸೂ

ಬೇಸಿಗೆಯಲ್ಲಿ ನೂರು ಗಜ ದೂರಕ್ಕೆ ನಿಷ್ಕೃಷ್ಟವಾಗಿ ಹೊಂದಿಸಿಟ್ಟ ರೈಫಲು, ಮಳೆಗಾಲ ಕಳೆದ ಮೇಲೆ ಅದೇ ಗುರಿಹಲಗೆಯಲ್ಲಿ ಒಂದೆರಡು ಅಂಗುಲ ಪಕ್ಕಕ್ಕೋ ಮೇಲಕ್ಕೋ ಹೊಡೆಯುವುದುಂಟು. ನಳಿಗೆ ಸವೆದಿರುವುದಿಲ್ಲ; ತೋಟಾ ಬದಲಾಗಿರುವುದಿಲ್ಲ; ದುರ್ಬೀನು ಕದಲಿರುವುದಿಲ್ಲ. ಇಂಥ ಸಂದರ್ಭಗಳಲ್ಲಿ ದೋಷವು ಅನೇಕ ವೇಳೆ ಲೋಹದಲ್ಲಿರದೆ, ಲೋಹವನ್ನು ಹೊತ್ತಿರುವ ಮರದಲ್ಲಿರುತ್ತದೆ. ಬೇಟೆಗಾರನಿಗೆ ಇದು ಸಣ್ಣ ವಿಷಯವಲ್ಲ. ಗುರಿ ತಪ್ಪಿದ ಗುಂಡು ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸಿದರೆ, ಅದು ಕಾಡಿನಲ್ಲಿ ನರಳಿ ಸಾಯಬೇಕಾಗುತ್ತದೆ.

ರೈಫಲಿನ ನಳಿಗೆಯು ರಿಸೀವರ್ ಎಂಬ ಉಕ್ಕಿನ ಭಾಗಕ್ಕೆ ತಿರುಪಿನಿಂದ ಬಿಗಿದಿರುತ್ತದೆ. ರಿಸೀವರನ್ನು ಸ್ಟಾಕಿನಲ್ಲಿ ಕೊರೆದ ಗುಣಿಯೊಳಗೆ ಕೂರಿಸಿ, ಕೆಳಗಿನಿಂದ ಎರಡು ಅಥವಾ ಮೂರು ತಿರುಪುಗಳಿಂದ ಕಟ್ಟಿರುತ್ತಾರೆ. ಲೋಹವು ಮರದ ಮೇಲೆ ಕೂರುವ ಈ ವಿಧಾನವನ್ನು ಇಲ್ಲಿ ‘ಹಾಸು’ ಎಂದು ಕರೆಯೋಣ.

ಹಾಸಿನ ಅಲ್ಪ ವ್ಯತ್ಯಾಸ ಗುರಿಯಲ್ಲಿ ಎಷ್ಟು ದೊಡ್ಡದಾಗುತ್ತದೆಂಬುದನ್ನು ಸುಲಭವಾಗಿ ಗಣಿಸಬಹುದು. 24 ಅಂಗುಲದ ನಳಿಗೆಯ ಬಾಯಿ ಅಂಗುಲದ ನೂರನೆಯ ಒಂದಂಶ, ಎಂದರೆ ಕಾಗದದ ಎರಡು ಮೂರು ಹಾಳೆಗಳ ದಪ್ಪದಷ್ಟು, ಸರಿಯಿತೆನ್ನೋಣ. ನೂರು ಗಜವೆಂದರೆ 3600 ಅಂಗುಲ, ನಳಿಗೆಯ ಉದ್ದದ 150 ಪಟ್ಟು. ಆದುದರಿಂದ ಗುಂಡು ಒಂದೂವರೆ ಅಂಗುಲ ಸರಿಯುತ್ತದೆ. (ನಿಜವಾಗಿ ನಳಿಗೆ ಬುಡದಿಂದ ಓರೆಯಾಗುವುದಿಲ್ಲ, ಬಾಗುತ್ತದೆ, ಲೆಕ್ಕ ತುಸು ಬೇರೆಯಾದರೂ ಪ್ರಮಾಣ ಇಷ್ಟೇ.) ನಳಿಗೆ ಸದಾ ಒಂದೇ ರೀತಿ ಬಾಗಿದ್ದರೆ ತೊಂದರೆಯಿಲ್ಲ, ದುರ್ಬೀನನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಬಾಗು ದಿನದಿಂದ ದಿನಕ್ಕೆ ಬದಲಾಗುವುದೇ ಕೇಡು.

ಮರವಾದರೋ ಬದಲಾಗುತ್ತಲೇ ಇರುವ ವಸ್ತು. ಸ್ಟಾಕಿಗೆ ಬಹುಕಾಲದಿಂದ ಮೆಚ್ಚಿಗೆಯಾದುದು ಅಕ್ರೋಟು ಮರ. ಅಮೆರಿಕದ ಕಪ್ಪು ಅಕ್ರೋಟು ಹಸಿಯಿಂದ ಪೂರ್ಣ ಒಣಗುವ ತನಕ ವಾರ್ಷಿಕ ಉಂಗುರಗಳ ಗುಂಟ ಶೇಕಡಾ 7.8ರಷ್ಟೂ, ಉಂಗುರಗಳಿಗೆ ಅಡ್ಡಲಾಗಿ ಶೇಕಡಾ 5.5ರಷ್ಟೂ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಒಣಗಿಸಿ ಮೆರುಗು ಹಾಕಿದ ಸ್ಟಾಕಿನಲ್ಲಿಯೂ ಹವೆಗನುಸಾರವಾಗಿ ತೇವಾಂಶ ನಿಧಾನವಾಗಿ ಏರಿಳಿಯುತ್ತದೆ. ಅದು ಶೇಕಡಾ 4ರಷ್ಟು ಬದಲಾದರೂ, ಒಂದೂವರೆ ಅಂಗುಲ ಅಗಲದ ಮುಂಭಾಗ ಅಂಗುಲದ ಸುಮಾರು 17 ಸಹಸ್ರಾಂಶ ಹಿಗ್ಗಬಹುದು ಇಲ್ಲವೆ ಕುಗ್ಗಬಹುದು. ಎಳೆ ಓರೆಯಾಗಿದ್ದರೆ ಮುಂಭಾಗ ಹೊರಳಿ ನಳಿಗೆಯನ್ನು ಒಂದೇ ಪಕ್ಕಕ್ಕೆ ಒತ್ತುತ್ತದೆ.

ಹಿಂದಿನ ಕುಶಲಕರ್ಮಿಗಳು ಲೋಹಕ್ಕೆ ದೀಪದ ಮಸಿ ಬಳಿದು ಗುಣಿಯಲ್ಲಿ ಕೂರಿಸಿ, ಮಸಿ ಹತ್ತಿದ ಕಡೆಯಲ್ಲೆಲ್ಲ ಮರವನ್ನು ಹೆರೆದು, ನಳಿಗೆಯ ಉದ್ದಕ್ಕೂ ಕೂದಲೆಳೆಯ ಸಂದೂ ಇಲ್ಲದಂತೆ ಕೂಡಿಸುತ್ತಿದ್ದರು. ನೋಡಲು ಬಹು ಸುಂದರ. ಆದರೆ ಆ ಸೊಬಗು ಮರ ಅಲುಗದಿರುವವರೆಗೆ ಮಾತ್ರ. ಮತ್ತೆ ಕೆಲವರು ಮುಂಭಾಗದ ತುದಿಯಲ್ಲಿ ಮಾತ್ರ ಮರವು ನಳಿಗೆಯನ್ನು ಕೆಲವು ಪೌಂಡುಗಳ ಬಲದಿಂದ ಮೇಲಕ್ಕೊತ್ತುವಂತೆ ಮಾಡುತ್ತಾರೆ. ಗುಂಡು ನಳಿಗೆಯೊಳಗಿರುವುದು ಸುಮಾರು ಒಂದು ಮಿಲಿಸೆಕೆಂಡು. ಅಷ್ಟರಲ್ಲೇ ನಳಿಗೆ ಕಂಪಿಸತೊಡಗುತ್ತದೆ. ತೆಳುವಾದ ನಳಿಗೆಯ ಕಂಪನವನ್ನು ಈ ಒತ್ತಡ ಹತೋಟಿಯಲ್ಲಿಡುವುದುಂಟು. ಆದರೆ ಒತ್ತುವುದು ಮರವೇ ಆದುದರಿಂದ ಒತ್ತಡವೂ ಸ್ಥಿರವಲ್ಲ.

ಮೂರನೆಯ ಉಪಾಯ, ನಳಿಗೆಯನ್ನು ಮರಕ್ಕೆ ತಾಗದಂತೆ ತೇಲಿಬಿಡುವುದು. 1936ರಲ್ಲಿ ಹೊರಬಂದ ವಿಂಚೆಸ್ಟರ್ 70ನೆಯ ಮಾದರಿಯಲ್ಲಿ ಮುಂಭಾಗವನ್ನು ನಳಿಗೆಗೆ ತಿರುಪಿನಿಂದ ಕಟ್ಟಿದ್ದರು. 1964ರ ಪರಿಷ್ಕರಣದಲ್ಲಿ ಆ ಕಟ್ಟನ್ನು ತೆಗೆದು ನಳಿಗೆಯನ್ನು ತೇಲಿಸಿದರು. ಎದ್ದುಕಾಣುವ ಸಂದನ್ನು ಕಂಡು ಕೊಳ್ಳುವವರು ಹಳಿದರು. ಸಂದು ಕುರೂಪವೇ ಇರಬಹುದು. ಆದರೂ, ತುಂಬ ತೆಳುವಾದ ನಳಿಗೆಗಳನ್ನು ಬಿಟ್ಟರೆ, ಹವೆ ಬದಲಾಗುವ ನಾಡಿನಲ್ಲಿ ಈ ಕ್ರಮವೇ ನಂಬತಕ್ಕದ್ದೆಂದು ನಮ್ಮ ಅಭಿಪ್ರಾಯ. ನಳಿಗೆ ಕಾದು ಹಿಗ್ಗಿದಾಗಲೂ ಅದಕ್ಕೆ ತಡೆಯಿರುವುದಿಲ್ಲ.

ನಳಿಗೆಯನ್ನು ತೇಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆಗ ಭಾರವೆಲ್ಲ ರಿಸೀವರಿನ ಹಾಸಿನ ಮೇಲೆಯೇ ಬೀಳುತ್ತದೆ. ಹಾರಿಸಿದಾಗ ರೈಫಲಿನ ಹಿಂದೊದೆತವನ್ನು, ರಿಸೀವರಿನ ಅಡಿಯಲ್ಲಿರುವ ಉಕ್ಕಿನ ತಡೆಯೊಂದು ಮರಕ್ಕೆ ದಾಟಿಸುತ್ತದೆ. ಮೆದುಮರ ಇಲ್ಲಿ ಜಜ್ಜಿಹೋಗುತ್ತದೆ. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ಅಕ್ರೋಟಿಗೆ ಬದಲಾಗಿ ಸ್ವದೇಶದ ಮರವನ್ನು ಬಳಸಿದಾಗ, ಲೀ-ಎನ್‌ಫೀಲ್ಡ್ ರೈಫಲುಗಳಲ್ಲಿ ಒದೆತ ತಾಗುವೆಡೆಗೆ ತಾಮ್ರದ ತಗಡು ಕೂರಿಸಬೇಕಾಯಿತು. ಬೇಟೆಯ ರೈಫಲಿನಲ್ಲಿ ಈಗ ಆ ಸ್ಥಳಕ್ಕೆ ಎಪಾಕ್ಸಿ ರಾಳವನ್ನು ತುಂಬಿ, ಅಂಟದಂತೆ ಲೇಪ ಬಳಿದ ಲೋಹವನ್ನು ಅದರಲ್ಲಿ ಕೂರಿಸಿ ಗಟ್ಟಿಯಾಗಲು ಬಿಡುತ್ತಾರೆ. ರಾಳ ಲೋಹದ ಪ್ರತಿಬಿಂಬದಂತೆ ಅಚ್ಚಾಗುತ್ತದೆ. ತಿರುಪುಗಳ ಬಿಗಿತಕ್ಕೆ ಮರ ಅದುಮಿಹೋಗದಂತೆ ಅವುಗಳ ಸುತ್ತ ಅಲ್ಯೂಮಿನಿಯಂ ಕೊಳವೆಗಳನ್ನು ಇಡುವುದೂ ಉಂಟು.

ಹಾಸು ಸರಿಯಾಗಿದೆಯೇ ಎಂಬುದನ್ನು ಖಾಲಿ ರೈಫಲಿನಲ್ಲಿ ಪರೀಕ್ಷಿಸಬಹುದು. ತೇಲುವ ನಳಿಗೆಯಾದರೆ, ಕಾಗದದ ಚೂರು ಅದರಡಿಯಲ್ಲಿ ರಿಸೀವರಿನವರೆಗೂ ತಡೆಯಿಲ್ಲದೆ ಸಾಗಬೇಕು. ಅನಂತರ ನಳಿಗೆಯೂ ಮುಂಭಾಗದ ತುದಿಯೂ ಸೇರುವೆಡೆಯಲ್ಲಿ ಬೆರಳಿಟ್ಟು, ರಿಸೀವರಿನ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಆಗ ನಳಿಗೆ ಮರದಿಂದ ಮೇಲೇಳುವುದು ಬೆರಳಿಗೆ ತಿಳಿದುಬಂದರೆ, ಅದುವರೆಗೂ ತಿರುಪು ರಿಸೀವರನ್ನೇ ಬಗ್ಗಿಸಿ ಹಿಡಿದಿತ್ತೆಂದು ಅರ್ಥ.