ಹಕ್ಕಿಯ ಜೊಲ್ಲು, ಚೀನಾದ ಬಾಗಿಲು

ಇಂಡೋನೇಷ್ಯಾ, ಮಲೇಷ್ಯಾದ ಕರಾವಳಿ ಊರುಗಳಲ್ಲಿ ಕಿಟಕಿಯೇ ಇಲ್ಲದ ಮೂರು-ನಾಲ್ಕು ಮಹಡಿಯ ಕಾಂಕ್ರೀಟ್ ಕಟ್ಟಡಗಳು ಕಾಣಸಿಗುತ್ತವೆ. ಗೋಡೆಯಲ್ಲಿ ಸಣ್ಣ ಗಾಳಿಕಿಂಡಿಗಳು, ಮೇಲ್ತುದಿಯಲ್ಲೊಂದು ಬಾಯಿ, ಒಳಗಿಂದ ಧ್ವನಿವರ್ಧಕದಲ್ಲಿ ಹಕ್ಕಿಗಳ ಚಿಲಿಪಿಲಿ. ಸ್ವಿಫ್ಟ್‌ಲೆಟ್ ಎಂಬ ಗುಬ್ಬಿಗಿಂತ ಚಿಕ್ಕ ಹಕ್ಕಿಗೆಂದೇ ಕಟ್ಟಿದ ಮನೆಗಳಿವು. ಈ ಹಕ್ಕಿ ತನ್ನ ಜೊಲ್ಲಿನಿಂದಲೇ ಗೂಡು ಕಟ್ಟುತ್ತದೆ. ಆ ಗೂಡನ್ನು ನೆನೆಹಾಕಿ, ಪುಕ್ಕ ಹೆಕ್ಕಿ, ಕಲ್ಲುಸಕ್ಕರೆ ಹಾಕಿ ಬೇಯಿಸಿ ತಿಂದರೆ ಮೈಗೆ ಕಾಂತಿ, ಶ್ವಾಸಕೋಶಕ್ಕೆ ಬಲ ಎಂಬುದು ಚೀನೀಯರ ಹಳೆಯ ನಂಬಿಕೆ. ಜಗತ್ತಿನ ಗೂಡುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಡೋನೇಷ್ಯಾದಿಂದ ಬರುತ್ತದೆ. 2020ರಲ್ಲಿ ಆ ದೇಶ ರಫ್ತು ಮಾಡಿದ್ದು 1300 ಟನ್ ಆಸುಪಾಸು, ಮೌಲ್ಯ ಸುಮಾರು 54 ಕೋಟಿ ಡಾಲರ್. ತಿನ್ನುವವರು ಬಹುಪಾಲು ಚೀನಾ ಮತ್ತು ಹಾಂಗ್‌ಕಾಂಗ್‌ನವರು. ಹೀಗೆ ಒಂದೇ ಗಿರಾಕಿಯ ಮೇಲೆ ನಿಂತ ಕಸುಬಿನಲ್ಲಿ ಆ ಗಿರಾಕಿ ಬಾಗಿಲು ಹಾಕಿದರೆ ಏನಾಗುತ್ತದೆ? ಈ ಬಗ್ಗೆ ಓಡಾಡುವ ಮಾತುಗಳಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು.

ನಂಬಿಕೆ: ಇದು ಕೋಳಿ ಫಾರಂ ಇದ್ದ ಹಾಗೆ, ಬೆಲೆ ಬಿದ್ದರೆ ಹಕ್ಕಿ ಕಡಿಮೆ ಮಾಡಿದರಾಯಿತು.

ಇಲ್ಲಿ ಪಂಜರವಿಲ್ಲ, ಮೇವಿಲ್ಲ, ಹಕ್ಕಿಯನ್ನು ಯಾರೂ ಕೊಂಡು ತಂದು ಬಿಡುವುದೂ ಇಲ್ಲ. ಬೆಳಗಾದರೆ ಹಕ್ಕಿಗಳು ಹೊಲ, ಕಾಡು, ನದಿಯ ಮೇಲೆ ಹಾರುವ ಕೀಟ ಹಿಡಿಯಲು ಹೊರಡುತ್ತವೆ. ಸಂಜೆ ಮರಳಿ ಕತ್ತಲ ಕೋಣೆಯಲ್ಲಿ ಟಿಕ್‌ಟಿಕ್ ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದ ದಾರಿ ತಿಳಿದು ಸೂರಿಗೆ ಹೊಡೆದ ಹಲಗೆಗೆ ಅಂಟಿಕೊಳ್ಳುತ್ತವೆ. ರೈತನ ಕೈಯಲ್ಲಿರುವುದು ಕಟ್ಟಡ ಮಾತ್ರ: ಗುಹೆಯಂಥ ತಂಪು, ತೇವ, ಕತ್ತಲೆ, ಜೊತೆಗೆ ಹಕ್ಕಿಯನ್ನು ಕರೆಯುವ ಆ ಧ್ವನಿಮುದ್ರಣ. ಹಕ್ಕಿ ಬರುವುದು, ಬಿಡುವುದು ಅದರ ಇಷ್ಟ. ಬಂಡವಾಳ ಹಾಕಿ ಕಟ್ಟಿಸಿದ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಒಂದು ಗೂಡೂ ಆಗಿಲ್ಲ.

ಕೋಳಿ ಸಾಕುವವನು ಮಾರುಕಟ್ಟೆ ಕೆಟ್ಟರೆ ಮುಂದಿನ ಮರಿಗಳನ್ನು ತರಿಸದೆ ಕೈಕಟ್ಟಿ ಕೂರಬಹುದು. ಗೂಡಿನ ಮನೆಯವನಿಗೆ ಆ ಅವಕಾಶವಿಲ್ಲ. ಹಣವೆಲ್ಲ ಗೋಡೆಯೊಳಗೆ ಸೇರಿಹೋಗಿದೆ, ಹಕ್ಕಿ ಬೆಲೆ ಕೇಳಿ ಗೂಡು ಕಟ್ಟುವುದಿಲ್ಲ. ಒಣಗಿದ ಗೂಡು ಬೇಗ ಕೆಡುವುದಿಲ್ಲವಾದ್ದರಿಂದ ಬಲವಿದ್ದವರು ದಾಸ್ತಾನು ಇಟ್ಟು ಕಾಯುತ್ತಾರೆ, ಬ್ಯಾಂಕಿನ ಕಂತು ಇರುವವರು ಬಂದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮಲೇಷ್ಯಾದಲ್ಲಿ ಈ ಕಸುಬು ಉಬ್ಬಿದ್ದೇ 1997-98ರ ಆರ್ಥಿಕ ಕುಸಿತದ ನಂತರ, ಖಾಲಿ ಬಿದ್ದ ಅಂಗಡಿಮನೆಗಳನ್ನು ಹಕ್ಕಿಮನೆ ಮಾಡಿಕೊಂಡಾಗ. ಅಂಥ ಮನೆಗಳಿಗೆ ಗಡಿಯಾಚೆಯ ಕಾನೂನಷ್ಟೇ ಅಲ್ಲ, ಊರಿನ ಕಾನೂನೂ ಕಾಟ ಕೊಟ್ಟಿತು. ಪೆನಾಂಗ್‌ನ ಜಾರ್ಜ್‌ಟೌನ್ 2008ರಲ್ಲಿ ಯುನೆಸ್ಕೋ ಪಾರಂಪರಿಕ ತಾಣವಾದ ಮೇಲೆ, ಹಳೆಯ ಪೇಟೆಯ ಹಕ್ಕಿಮನೆಗಳನ್ನು 2013ರ ಕೊನೆಯೊಳಗೆ ಖಾಲಿ ಮಾಡಿಸಲು ಆಡಳಿತ ಹೊರಟಿತು. ರಾತ್ರಿ ಹಗಲು ಕಿರುಚುವ ಧ್ವನಿವರ್ಧಕ ಪಕ್ಕದ ಮನೆಯಲ್ಲಿದ್ದರೆ ನಾನೂ ದೂರು ಕೊಡುತ್ತಿದ್ದೆನೇನೋ. ಆದರೆ ಮನೆಯನ್ನು ಎತ್ತಿ ಬೇರೆಡೆ ಇಡಬಹುದು, ಹಕ್ಕಿಯನ್ನು ಹೇಗೆ ಒಪ್ಪಿಸುವುದು?

ನಂಬಿಕೆ: ಕೆಂಪು ಗೂಡಿನಲ್ಲಿ ಹಕ್ಕಿಯ ರಕ್ತವಿದೆ. ಜೊಲ್ಲು ಮುಗಿದ ಮೇಲೂ ಕಟ್ಟಲು ಹೆಣಗಿ ರಕ್ತ ಕಾರುತ್ತದೆ.

ಈ ಕಥೆಯನ್ನು ಬಿಡಿಸದೆ 2011ರಲ್ಲಿ ಚೀನಾ ಹೇರಿದ ನಿಷೇಧ ಅರ್ಥವಾಗುವುದಿಲ್ಲ. ಸಾಮಾನ್ಯ ಗೂಡು ಬಿಳಿ ಅಥವಾ ಕೆನೆಬಣ್ಣ. ಅಪರೂಪಕ್ಕೆ ಕೆಂಪು ಗೂಡು ಸಿಗುತ್ತದೆ, ‘ರಕ್ತದ ಗೂಡು’ ಎಂದು ಅದಕ್ಕೆ ಬಿಳಿಯದಕ್ಕಿಂತ ಹೆಚ್ಚು ಬೆಲೆ. ಗುಹೆಯ ಬಂಡೆಯ ಕಬ್ಬಿಣದ ಅಂಶ ಇಳಿದು ಕೆಂಪಾಗುತ್ತದೆ ಎಂಬ ಇನ್ನೊಂದು ವಿವರಣೆಯೂ ಇತ್ತು. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿ ಗೂಡುಗಳನ್ನು ಹಿಕ್ಕೆಯ ಹಬೆಗೆ ಒಡ್ಡಿ ನೋಡಿದರು, ಅವು ಕೆಂಪಾದವು. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. 2018ರಲ್ಲಿ ಸಿಂಗಪುರದ ನಾನ್‌ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದವರು ಒಳಗಿನ ರಸಾಯನವನ್ನು ಬಿಡಿಸಿಟ್ಟರು. ನೆಲದಲ್ಲಿ ಬಿದ್ದ ಹಿಕ್ಕೆಯಿಂದ ಏಳುವ ಅಮೋನಿಯಾ ಕ್ರಿಯಾಶೀಲ ಸಾರಜನಕ ಸಂಯುಕ್ತಗಳಾಗಿ ಗೂಡಿನ ಪ್ರೋಟೀನಿನ ಟೈರೋಸಿನ್ ಭಾಗಕ್ಕೆ ಅಂಟಿಕೊಳ್ಳುತ್ತದೆ, ಬಣ್ಣ ಹುಟ್ಟುವುದು ಅದರಿಂದ. ರಕ್ತದ ಹನಿಯೂ ಅಲ್ಲಿಲ್ಲ. ಗಿರಾಕಿ ಹೆಚ್ಚು ದುಡ್ಡು ಕೊಡುತ್ತಿದ್ದದ್ದು ಗುಡಿಸದ ನೆಲಕ್ಕೆ.

ಇದೇ ದಾರಿಯಲ್ಲಿ ನೈಟ್ರೈಟ್ ಕೂಡ ಗೂಡಿಗೆ ಸೇರುತ್ತದೆ. 2011ರ ಆಗಸ್ಟ್‌ನಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಅಧಿಕಾರಿಗಳು ಕೆಂಪು ಗೂಡುಗಳನ್ನು ಪರೀಕ್ಷಿಸಿ, ಕಿಲೋಗೆ ಸರಾಸರಿ 4400 ಮಿಲಿಗ್ರಾಂ ನೈಟ್ರೈಟ್ ಇದೆಯೆಂದು ಪ್ರಕಟಿಸಿದರು. ಆಮೇಲೆ ಚೀನಾ ನಿಗದಿ ಮಾಡಿದ ಮಿತಿ ಕಿಲೋಗೆ 30 ಮಿಲಿಗ್ರಾಂ. ಸುದ್ದಿ ಹಬ್ಬಿದ್ದೇ ತಡ, ಮಲೇಷ್ಯಾದ ಗೂಡುಗಳಿಗೆ ಬಾಗಿಲು ಮುಚ್ಚಿತು. ಕೆಂಪಿಗಷ್ಟೇ ಅಲ್ಲ, ಬಿಳಿಗೂ. ಮಲೇಷ್ಯಾದಲ್ಲಿ ರೈತರ ಕೈಗೆ ಬರುವ ಬೆಲೆ ಅರ್ಧಕ್ಕೂ ಕೆಳಗೆ ಕುಸಿಯಿತು.

ನಂಬಿಕೆ: ಅದೆಲ್ಲ ಚೀನಾದ ರಾಜಕೀಯ, ಗೂಡಿನಲ್ಲಿ ದೋಷವೇ ಇರಲಿಲ್ಲ.

ರೈತರ ಪರ ಮಾತಾಡುವವರು ಹೀಗನ್ನುವುದುಂಟು. ಅವರ ಸಿಟ್ಟು ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ. ನೈಟ್ರೈಟ್ ಇದ್ದದ್ದು ನಿಜ. ಬಿಳಿ ಗೂಡಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಆದರೆ ಅದು ನೀರಿನಲ್ಲಿ ಕರಗುವ ವಸ್ತು, ನೆನೆಸಿ ನೀರು ಚೆಲ್ಲಿದರೆ ಬಹಳಷ್ಟು ಹೋಗುತ್ತದೆ. ನೆಲವನ್ನು ಆಗಾಗ ಗುಡಿಸಿ, ಗಾಳಿಯಾಡಿಸಿ, ಗೂಡನ್ನು ತಡಮಾಡದೆ ಬಿಡಿಸಿದರೆ ಮೊದಲಿಗೇ ಕಡಿಮೆ ಇರುತ್ತದೆ. ಹಕ್ಕಿಜ್ವರದ ಭಯವೂ ಪೂರ್ತಿ ಕಟ್ಟುಕಥೆಯಲ್ಲ: 2013ರಲ್ಲಿ ವಿಯೆಟ್ನಾಂನ ನಿನ್ ಥುವಾನ್ ಪ್ರಾಂತ್ಯದಲ್ಲಿ ಸತ್ತ ಸ್ವಿಫ್ಟ್‌ಲೆಟ್‌ಗಳಲ್ಲಿ ಎಚ್5ಎನ್1 ವೈರಸ್ ಸಿಕ್ಕಿತ್ತು. ಹಕ್ಕಿಜ್ವರದ ಭಯಕ್ಕೇ ಚೀನಾಕ್ಕೆ ಹೋಗುವ ಶುದ್ಧ ಗೂಡಿನ ಒಳಭಾಗ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 3.5 ಸೆಕೆಂಡು ಕಾದಿರಬೇಕು ಎಂಬ ನಿಯಮ ಬಂದದ್ದು.

ನನ್ನ ತಕರಾರು ಬೇರೆ. ದೋಷ ಕಂಡದ್ದು ಕೆಂಪು ಗೂಡಿನಲ್ಲಿ, ಶಿಕ್ಷೆಯಾದದ್ದು ಇಡೀ ದೇಶದ ಸರಕಿಗೆ. ಏಕೆಂದರೆ ಅಂಗಡಿಯಲ್ಲಿರುವ ಗೂಡು ಯಾವ ಮನೆಯದೆಂದು ಹೇಳುವ ದಾಖಲೆಯೇ ಆಗ ಇರಲಿಲ್ಲ. ನೆಲ ಗುಡಿಸಿ ಬಿಳಿ ಗೂಡು ತೆಗೆದವನಿಗೆ ‘ನನ್ನದು ಚೊಕ್ಕವಾಗಿದೆ’ ಎಂದು ತೋರಿಸುವ ದಾರಿಯಿರಲಿಲ್ಲ. ನಿಯಮ ಬಂದದ್ದು ರೈತನಿಗೆ ಆದ ತೊಂದರೆ ಎನ್ನುವುದಕ್ಕಿಂತ, ನಿಯಮವಿಲ್ಲದೆ ಇಷ್ಟು ವರ್ಷ ವ್ಯಾಪಾರ ನಡೆದದ್ದೇ ಅವನನ್ನು ಸಿಕ್ಕಿಸಿತು ಎನ್ನಬೇಕು.

ನಂಬಿಕೆ: ನಿಷೇಧ ಎಂದರೆ ವ್ಯಾಪಾರ ನಿಂತಿತು.

ನಿಲ್ಲಲಿಲ್ಲ, ಸುತ್ತುಹಾದಿ ಹಿಡಿಯಿತು. ಹಾಂಗ್‌ಕಾಂಗ್ ಮೊದಲಿನಿಂದಲೂ ಗೂಡಿನ ದೊಡ್ಡ ಪೇಟೆ. ಅಲ್ಲಿಗೆ ಬಂದ ಸರಕು ಕೈಚೀಲಗಳಲ್ಲಿ, ಪೊಟ್ಟಣಗಳಲ್ಲಿ ಮುಖ್ಯ ಭೂಮಿಗೆ ದಾಟುತ್ತಿತ್ತು. ಈ ಹಾದಿಯ ಪ್ರತಿ ತಿರುವಿನಲ್ಲೂ ಒಬ್ಬನ ಪಾಲು ಉಂಟು. ಶಾಂಘೈಯ ಅಂಗಡಿಯ ಬೆಲೆ ಬಿದ್ದಷ್ಟೇ ಪ್ರಮಾಣದಲ್ಲಿ ರೈತನ ಬೆಲೆಯೂ ಬೀಳುತ್ತದೆ ಎಂದುಕೊಂಡರೆ ತಪ್ಪು. ಅಪಾಯದ ಖರ್ಚನ್ನೆಲ್ಲ ಕಳೆದು ಉಳಿದದ್ದು ಗೂಡು ಬಿಡಿಸಿದವನಿಗೆ.

ನಂಬಿಕೆ: ಬಾಗಿಲು ತೆರೆದಾಗ ಎಲ್ಲ ಮೊದಲಿನಂತಾಯಿತು.

2012ರಲ್ಲಿ ಮಲೇಷ್ಯಾ, ಇಂಡೋನೇಷ್ಯಾ ಎರಡೂ ಚೀನಾದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವು. ಸಹಿಯಿಂದ ಸರಕಿನವರೆಗಿನ ದೂರ ನೋಡಿ. ಮಲೇಷ್ಯಾದ ಮೊದಲ ಕೆಲವು ಸಂಸ್ಕರಣಾ ಕಂಪನಿಗಳಿಗೆ ಅನುಮತಿ ಸಿಕ್ಕಿದ್ದು 2013ರ ಕೊನೆಯ ಹೊತ್ತಿಗೆ, ಇಂಡೋನೇಷ್ಯಾದ ನೇರ ರಫ್ತು ಶುರುವಾದದ್ದು 2015ರಲ್ಲಿ. ಮಲೇಷ್ಯಾದ ಶುಚಿಗೊಳಿಸದ ಗೂಡಿಗೆ ಪ್ರತ್ಯೇಕ ಒಪ್ಪಂದವಾಗಿ ಅದು ಹೊರಟದ್ದು 2018ರಲ್ಲಿ. ವಿಯೆಟ್ನಾಂನ ಸರದಿ ಬಂದದ್ದು 2022ರ ಒಪ್ಪಂದದ ನಂತರ.

ಒಪ್ಪಂದಗಳ ಹೂರಣ ಹೀಗಿದೆ. ಹಕ್ಕಿಮನೆ ಪಶುವೈದ್ಯ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಗೂಡು ಶುಚಿಯಾಗುವ ಕಾರ್ಖಾನೆಯನ್ನು ಚೀನಾದ ಅಧಿಕಾರಿಗಳು ಒಪ್ಪಿರಬೇಕು. ಡಬ್ಬಿಯ ಮೇಲಿನ ಗುರುತಿನಿಂದ ಹಿಂದಕ್ಕೆ ಹೋದರೆ ಮನೆ ಸಿಗಬೇಕು. ಚೀನಾ ಒಪ್ಪುವುದು ಕಾರ್ಖಾನೆಯನ್ನು. ರೈತ ಅದರ ಪಟ್ಟಿಯಲ್ಲಿನ ಒಂದು ಸಂಖ್ಯೆ. ನಾಲ್ಕಾರು ಕಿಲೋ ಗೂಡು ಬರುವ ಮನೆಯವನು ತಾನೇ ರಫ್ತು ಮಾಡುವ ಮಾತೇ ಇಲ್ಲ. ಇಂಡೋನೇಷ್ಯಾದ ಕಾಲಿಮಂಟಾನ್‌ನ ನದಿ ದಂಡೆಯಲ್ಲಿ ಮರದ ಹಲಗೆ ಹೊಡೆದು ಕಟ್ಟಿಕೊಂಡ ಸಣ್ಣ ಮನೆಯವರಿಗೆ ಜಾಗದ ಕಾಗದಪತ್ರ ಹೊಂದಿಸುವುದೇ ಕಷ್ಟ, ಕಾಗದವಿಲ್ಲದೆ ನೋಂದಣಿಯಿಲ್ಲ. ಅವರ ಗೂಡನ್ನು ಮನೆಬಾಗಿಲಿಗೆ ಬರುವ ದಲ್ಲಾಳಿ ಕೊಳ್ಳುತ್ತಾನೆ, ಅವನು ಹೇಳಿದ್ದೇ ದರ. 2020ರಲ್ಲಿ ಇಂಡೋನೇಷ್ಯಾ ರಫ್ತು ಮಾಡಿದ ಆ 1300 ಟನ್ನಿನಲ್ಲಿ ನೇರವಾಗಿ ಚೀನಾಕ್ಕೆ ಹೋದದ್ದು ಐದನೇ ಒಂದು ಭಾಗ. ಆದರೆ ಒಟ್ಟು ಹಣದಲ್ಲಿ ದೊಡ್ಡ ಪಾಲು ಅದರದೇ. ಆ ಸಣ್ಣ ಕಿಂಡಿಯೊಳಗೆ ನುಸುಳಿದ ಗೂಡಿಗೆ ಒಂದು ದರ, ಹೊರಗುಳಿದದ್ದಕ್ಕೆ ಇನ್ನೊಂದು.

ನಂಬಿಕೆ: ವ್ಯಾಪಾರ ಪೂರ್ತಿ ನಿಷೇಧಿಸಿದರೆ ಹಕ್ಕಿ ಉಳಿಯುತ್ತದೆ.

ಕಾಡಿನ ಗುಹೆಗಳಲ್ಲಿ ಮೊಟ್ಟೆ ಮರಿ ನೋಡದೆ ಗೂಡು ಕಿತ್ತದ್ದರಿಂದ ಹಕ್ಕಿ ಕುಸಿದದ್ದು ಸುಳ್ಳಲ್ಲ. 1994ರಲ್ಲಿ ಇಟಲಿ ಈ ಹಕ್ಕಿಗಳನ್ನು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕೆಂದು ಕೇಳಿತ್ತು, ಪ್ರಸ್ತಾಪ ಅಂಗೀಕಾರವಾಗಲಿಲ್ಲ. ಮನೆಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ಮರಿ ಹಾರಿಹೋಗುವವರೆಗೆ ಕಾಯುವುದರಲ್ಲೇ ಮಾಲೀಕನ ಲಾಭ, ಏಕೆಂದರೆ ಆ ಮರಿಗಳೇ ಮುಂದೆ ಗೂಡು ಕಟ್ಟುವವು.

ನಮ್ಮ ದೇಶದ ಪಾಠ ಅಂಡಮಾನ್‌ನದು. ಅಲ್ಲಿನ ಗುಹೆಗಳನ್ನು 1990ರ ದಶಕದಲ್ಲಿ ಸುತ್ತಿದ ಪಕ್ಷಿವಿಜ್ಞಾನಿ ರವಿ ಶಂಕರನ್, ಕಳ್ಳತನದಿಂದ ಹಕ್ಕಿ ಕರಗುತ್ತಿದ್ದದ್ದನ್ನು ಕಂಡರು. ಅರಣ್ಯ ಇಲಾಖೆ ಮತ್ತು ಕೊಯಮತ್ತೂರಿನ ಸಲೀಂ ಅಲಿ ಕೇಂದ್ರದ ಯೋಜನೆಯಲ್ಲಿ, ಮೊದಲು ಗೂಡು ಕದಿಯುತ್ತಿದ್ದವರನ್ನೇ ಗುಹೆ ಕಾಯಲು ನೇಮಿಸಲಾಯಿತು; ಕಾವಲಿದ್ದ ಗುಹೆಗಳಲ್ಲಿ ಹಕ್ಕಿ ಹೆಚ್ಚಿತು. ಆದರೆ ಹಕ್ಕಿ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದ್ದರೆ, ಕಾದವನಿಗೆ ಮರಿ ಹಾರಿಹೋದ ಖಾಲಿ ಗೂಡನ್ನು ಮಾರುವ ಹಕ್ಕೂ ಇಲ್ಲ. ಕಾವಲಿನಿಂದ ಆದಾಯ ಬರಲೆಂಬ ವಾದಕ್ಕೆ ಓಗೊಟ್ಟು 2009ರಲ್ಲಿ ಅಲ್ಲಿನ ಹಕ್ಕಿಯನ್ನು ಆ ಪಟ್ಟಿಯಿಂದ ತೆಗೆಯಲಾಯಿತು. ಅದೇ ವರ್ಷದ ಆರಂಭದಲ್ಲಿ ಶಂಕರನ್ ತೀರಿಕೊಂಡಿದ್ದರು.

ನಂಬಿಕೆ: ಹಾಗಾದರೆ ನಮ್ಮ ಕರಾವಳಿಯಲ್ಲೂ ಒಂದು ಹಕ್ಕಿಮನೆ ಕಟ್ಟಬಹುದು.

ಪಶ್ಚಿಮ ಘಟ್ಟದ ಗುಹೆಗಳಲ್ಲಿ, ಸಮುದ್ರದ ನಡುವಿನ ಬಂಡೆದ್ವೀಪಗಳಲ್ಲಿ ಇರುವುದು ಬೇರೆ ಜಾತಿಯ ಸ್ವಿಫ್ಟ್‌ಲೆಟ್. ಅದರ ಗೂಡಿನಲ್ಲಿ ಜೊಲ್ಲಿನ ಜೊತೆ ಪಾಚಿ, ಹುಲ್ಲು, ಪುಕ್ಕ ಬೆರೆತಿರುತ್ತದೆ. ಪೇಟೆಯಲ್ಲಿ ಅದಕ್ಕೆ ಅಂಥ ಬೆಲೆಯಿಲ್ಲ, ಹಾಗಿದ್ದರೂ ಕಳ್ಳರು ಬಿಟ್ಟಿಲ್ಲ. ಕಾಯ್ದೆಯ ರಕ್ಷಣೆ ಇರುವುದರಿಂದ ಆ ಗೂಡು ಕಿತ್ತರೆ ಕಾಯುತ್ತಿರುವುದು ಅರಣ್ಯ ಇಲಾಖೆಯ ಮೊಕದ್ದಮೆ.