ತೋಡಿಯ ಗಾಂಧಾರಕ್ಕೆ ಚೌಕ ಸಾಲದು

ಸಂಗೀತ ಸಂಯೋಜನೆಯ ತಂತ್ರಾಂಶದಲ್ಲಿ ಸ್ವರ ತುಂಬುವ ಕಿಟಕಿ ತೆರೆಯಿರಿ. ಎಡ ಅಂಚಿನಲ್ಲಿ ಪಿಯಾನೊದ ಕಪ್ಪು-ಬಿಳಿ ಮನೆಗಳು, ಪಕ್ಕದಲ್ಲಿ ಚೌಕುಳಿ. ಒಂದು ಸ್ವರವನ್ನೂ ಹಾಕಿಲ್ಲ, ಆಗಲೇ ಅರ್ಧ ತೀರ್ಮಾನ ಆಗಿಹೋಗಿದೆ. ತೋಡಿ ರಾಗದ ಗಾಂಧಾರವನ್ನು ಇಲ್ಲಿ ಕೂರಿಸಲು ಹೊರಟವರಿಗೆ ಕಷ್ಟ ಗೊತ್ತು. ಅದು ಒಂದು ಮನೆಯಲ್ಲಿ ನಿಲ್ಲುವ ಸ್ವರವಲ್ಲ, ತೂಗುವ ಸ್ವರ. ತೂಗಿಸಲು ಪಿಚ್ ಬೆಂಡ್ ಎಂಬ ಬೇರೆ ಪಟ್ಟಿಗೆ ಇಳಿಯಬೇಕು. ವಾದ್ಯ-ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ 1983ರ ಮಿಡಿ ವ್ಯವಸ್ಥೆಯಲ್ಲಿ ಆ ಬೆಂಡ್ ಇಡೀ ಚಾನೆಲ್‌ಗೇ ಅನ್ವಯ; ವೀಣೆಯ ಒಂದು ತಂತಿ ಎಳೆದರೆ ಉಳಿದವೂ ಜೊತೆಗೇ ಎಳೆದುಕೊಂಡ ಹಾಗೆ. ಸ್ವರದ ಆ ತೂಗಾಟ, ಅಂದರೆ ಗಮಕ, ಇಲ್ಲಿ ತಿದ್ದುಪಡಿಯ ಖಾತೆಗೆ ಸೇರುತ್ತದೆ.

ಪಿಯಾನೊವನ್ನೇ ಎತ್ತಿ ಬದಿಗಿಟ್ಟವರು ಯಾನಿಸ್ ಕ್ಸೆನಾಕಿಸ್. ಈ ಗ್ರೀಕ್ ಸಂಯೋಜಕ ಓದಿದ್ದು ಎಂಜಿನಿಯರಿಂಗ್, ದುಡಿದದ್ದು ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಕಚೇರಿಯಲ್ಲಿ. (ಚಂಡೀಗಢದ ಕಟ್ಟಡಗಳ ಕೆಲಸದಲ್ಲೂ ಅವರ ಕೈಯಿತ್ತು.) 1954ರಲ್ಲಿ ಮುಗಿಸಿದ 'ಮೆಟಾಸ್ಟಾಸಿಸ್' ಕೃತಿಯ ಜಾರುಸ್ವರಗಳನ್ನು ಅವರು ಗ್ರಾಫ್ ಹಾಳೆಯಲ್ಲಿ ರೇಖೆಗಳಾಗಿ ಎಳೆದಿದ್ದರು. ಅದೇ ಬುದ್ಧಿ 1977ರಲ್ಲಿ ಯುಪಿಕ್ ಯಂತ್ರವಾಯಿತು: ನಕ್ಷೆಗಾರರ ಮೇಜಿನಂಥ ದೊಡ್ಡ ಫಲಕ, ಒಂದು ಲೇಖನಿ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿ. ಗೆರೆ ಏರಿದರೆ ನಾದವೂ ಏರುತ್ತದೆ. ನಾದದ ಅಲೆ ಯಾವ ಆಕಾರದಲ್ಲಿರಬೇಕೆಂಬುದನ್ನೂ ಕೈಯಲ್ಲೇ ಬರೆಯಬಹುದಿತ್ತು. ಒಂದೇ ಹಾಳೆಯನ್ನು ಬೇಕಾದರೆ ಸೆಕೆಂಡುಗಳಲ್ಲಿ ಮುಗಿಸಬಹುದು, ಬೇಕಾದರೆ ನಿಮಿಷಗಟ್ಟಲೆ ಹಿಗ್ಗಿಸಬಹುದು. ಸ್ವರಲಿಪಿ ಬಾರದ ಮಕ್ಕಳೂ ಅದರಲ್ಲಿ ಸಂಗೀತ ಬರೆದರು.

ಹಾಗಂತ ಯುಪಿಕ್ ನಿಷ್ಪಕ್ಷಪಾತಿಯೇನಲ್ಲ. ಜಾರುವುದು ಅದಕ್ಕೆ ನೀರು ಕುಡಿದಷ್ಟು ಸುಲಭ. ಕರಾರುವಾಕ್ಕಾದ ಲಯ ಬೇಕೆಂದರೆ ಕೈ ನಡುಗುತ್ತದೆ.

ಪ್ಯಾರಿಸ್ಸಿನದೇ ಇರ್ಕಾಮ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಮಿಲ್ಲರ್ ಪಕೆಟ್ ಕಟ್ಟಿದ 'ಮ್ಯಾಕ್ಸ್' ತಂತ್ರಾಂಶ ಇನ್ನೊಂದು ತುದಿ. ಖಾಲಿ ಪರದೆ; ಪೆಟ್ಟಿಗೆ ಇಟ್ಟು, ಗೆರೆಯಿಂದ ಜೋಡಿಸಿ, ನಿಮಗೆ ಬೇಕಾದ ವಾದ್ಯವನ್ನು ನೀವೇ ಕಟ್ಟಿಕೊಳ್ಳಿ. ಸ್ವಾತಂತ್ರ್ಯವೇನೋ ಪೂರ್ತಿ, ಆದರೆ ಹೊಸಬರಿಗೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದು. ಏನು ಬೇಕಾದರೂ ಮಾಡಿಕೊಳ್ಳಿ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಳ್ಳೆಯ ವಿನ್ಯಾಸ ಎನ್ನಲಾರೆ.

ನನ್ನ ಓಟು 1990ರ ದಶಕದಲ್ಲಿ ಅಲ್ಲೇ ಹುಟ್ಟಿದ 'ಓಪನ್‌ಮ್ಯೂಸಿಕ್'ಗೆ. ಇಲ್ಲೂ ಪೆಟ್ಟಿಗೆಗಳೇ, ಆದರೆ ಒಂದನ್ನು ತೆರೆದರೆ ಒಳಗೆ ಸಂಯೋಜಕನಿಗೆ ಪರಿಚಿತವಾದ ಸ್ವರಲಿಪಿ ಸಿಗುತ್ತದೆ. ಲೆಕ್ಕ ಹೊರಗೆ, ಸ್ವರ ಒಳಗೆ, ಎರಡನ್ನೂ ತಿದ್ದಬಹುದು. 'ಮಕೆಟ್' ಎಂಬ ಅದರ ಕಾಲಪಟದ ಮೇಲೆ ಪೆಟ್ಟಿಗೆಗಳನ್ನು ಹಿಂದೆ ಮುಂದೆ ಸರಿಸಿಯೇ ಕೃತಿಯ ಆಕಾರ ಹುಡುಕಬಹುದು. ಅದನ್ನು ಬಳಸಿದ ಸಂಯೋಜಕರು ತಮ್ಮ ತಮ್ಮ ಪರದೆಗಳನ್ನು ವಿವರಿಸುವ ಪುಸ್ತಕವನ್ನು ಇರ್ಕಾಮ್ 2006ರಲ್ಲಿ ಹೊರತಂದಿತು.