ಮೂಕಿಯ ತೂಕ

ಮೊಳಕಾಲ್ಮೂರಿನ ಬಂಡೆಗುಡ್ಡಗಳ ನಡುವೆ ಬೆಳೆದ ನನ್ನಂಥವನಿಗೆ ಭಾರ ಎಳೆಯುವುದೆಂದರೆ ಮೊದಲು ನೆನಪಾಗುವುದು ಶೇಂಗಾ ಚೀಲಗಳನ್ನು ಹೇರಿದ ಎತ್ತಿನ ಗಾಡಿ. ಹೀಗಿರುವಾಗ ಇಂಗ್ಲೆಂಡಿನಲ್ಲಿರುವ ನನ್ನ ಮಗ ದೂರವಾಣಿಯಲ್ಲಿ, "ಅಪ್ಪಾ, ಕಾರಿಗೆ ಟೋಬಾರ್ ಹಾಕಿಸ್ತಾ ಇದೀನಿ. ಮಕ್ಕಳ ರಜಕ್ಕೆ ಕ್ಯಾರವಾನ್ ಕಟ್ಟಿಕೊಂಡು ಹೋಗೋಣ, ನೀವೂ ಅಮ್ಮನೂ ಬನ್ನಿ" ಎಂದಾಗ, ಆ ಟೋಬಾರ್ ಎಂಬುದೇನೆಂದು ನಾನು ಕೇಳಿಯೇ ತಿಳಿಯಬೇಕಾಯಿತು.

ಕಾರಿನ ಅಡಿಯ ಚೌಕಟ್ಟಿಗೆ ಬಿಗಿದ ಉಕ್ಕಿನ ತೊಲೆ, ಅದರಿಂದ ಹಿಂದಕ್ಕೆ ಚಾಚಿದ ಕತ್ತು, ಕತ್ತಿನ ತುದಿಯಲ್ಲಿ 50 ಮಿಲಿಮೀಟರ್ ವ್ಯಾಸದ ಗುಂಡು. ಇಷ್ಟೇ ಟೋಬಾರ್. ಹಿಂದಣ ಗಾಡಿಯ ಮೂಕಿಯ ತುದಿಗೆ ಬಟ್ಟಲಿನಂಥ ಹಿಡಿಯೊಂದಿದ್ದು, ಅದು ಈ ಗುಂಡಿನ ಮೇಲೆ ಕೂರುತ್ತದೆ. ನಮ್ಮ ಟ್ರಾಕ್ಟರಿನ ಹುಕ್ಕನ್ನು ಇದರ ಅಣ್ಣನೆನ್ನಬಹುದು. ನಮ್ಮಲ್ಲಿಯ ಹಲವು ಕಾರುಗಳ ಡಿಕ್ಕಿಯಲ್ಲಿ ಜಾಕಿನ ಜೊತೆಗೆ ಒಂದು ತಿರುಪಿನ ಕೊಕ್ಕೆ ಇರುತ್ತದಲ್ಲವೆ? ಅದನ್ನು ಟೋಬಾರ್ ಎಂದು ಭ್ರಮಿಸಬಾರದು. ಅದಿರುವುದು ಕೆಟ್ಟು ನಿಂತ ಕಾರನ್ನು ಎಳೆಸುವುದಕ್ಕೆ ಮಾತ್ರ.

ನಾವು ಅಲ್ಲಿಗೆ ಹೋದಾಗ ಮಗನ ಮನಸ್ಸೆಲ್ಲ ರೂಪದ ಮೇಲಿತ್ತು. ಸದಾ ಕಾಣುವ ಸ್ಥಿರವಾದ ಕತ್ತೋ, ಬೇಕಾದಾಗ ಕಳಚಿಡುವ ಕತ್ತೋ ಎಂಬುದೇ ಅವನ ಚಿಂತೆ. ನನ್ನ ಚಿಂತೆ ಬೇರೆಯಾಗಿತ್ತು. ಬಾಲ್ಯದಲ್ಲಿ ನಮ್ಮ ಸೋದರಮಾವ ಅವಸರದಲ್ಲಿ ಚೀಲಗಳನ್ನು ಗಾಡಿಯ ಹಿಂಬದಿಗೇ ಹೇರಿದ್ದ. ಕೆರೆಯ ಏರಿ ಹತ್ತುವಾಗ ಗಾಡಿ ಹಿಂದಕ್ಕೆ ವಾಲಿ, ಮೂಕಿ ಆಕಾಶಕ್ಕೆದ್ದು, ನೊಗದೊಡನೆ ಎರಡು ಎತ್ತುಗಳೂ ಕೊರಳ ಹಗ್ಗದಲ್ಲಿ ನೇತಾಡಿದವು. ಮಾವ ಕುಡುಗೋಲಿನಿಂದ ಹಗ್ಗ ಕೊಯ್ಯುವಷ್ಟರಲ್ಲಿ ಒಂದರ ಉಸಿರು ನಿಂತಿತ್ತು. ಪಕ್ಕದ ಚಳ್ಳಕೆರೆಯ ಕಾವಲುಗಳಲ್ಲಿ ಮೇಯುವ ಅಮೃತಮಹಲ್ ತಳಿಯ ಎತ್ತುಗಳು ಅವು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನೆಳೆದು ಹೆಸರಾದ ತಳಿ. ಆ ಕಸುವು ಅಂದು ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ನಮ್ಮ ತಾತ ಮೂಕಿಯನ್ನು ಎರಡು ಕೈಯಿಂದ ಎತ್ತಿ ಭಾರ ನೋಡದೆ ಗಾಡಿ ಹೂಡಗೊಡುತ್ತಿರಲಿಲ್ಲ.

ಟೋಬಾರಿನ ವಿಷಯವೂ ಇದೇ. ಗುಂಡಿನ ಮೇಲೆ ಮೂಕಿ ಕೆಳಮುಖವಾಗಿ ಒತ್ತುವ ಭಾರವೇ ಇಲ್ಲಿ ಮುಖ್ಯ. ಹಿಂದಣ ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 5ರಿಂದ 7 ಪಾಲು ಮೂಕಿಯ ಮೇಲಿರಬೇಕೆಂಬುದು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಕಡಿಮೆಯಾದರೆ ಕ್ಯಾರವಾನ್ ವೇಗದಲ್ಲಿ ಹಾವಿನಂತೆ ಬಳುಕತೊಡಗಿ ಕಾರನ್ನೂ ಜಗ್ಗಾಡುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಗಾಲಿಗಳು ನೆಲದ ಹಿಡಿತ ಸಡಿಲಿಸುತ್ತವೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಾರಿನ ಕೈಪಿಡಿಯನ್ನು ಓದಬೇಕು. ಎಳೆಯಬಹುದಾದ ತೂಕವೆಷ್ಟು, ಗುಂಡಿನ ಮೇಲೆ ತಾಳುವ ಭಾರವೆಷ್ಟು ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ಕೆಲವು ಕಾರುಗಳಿಗೆ ಎಳೆಯುವ ಅನುಮತಿಯೇ ಇರುವುದಿಲ್ಲ. ಟೋಬಾರಿನ ತಗಡಿನ ಮೇಲೂ 'ಎಸ್' ಎಂಬ ಅಕ್ಷರದ ಮುಂದೆ ಅದು ತಾಳುವ ಭಾರವನ್ನು ಕೆತ್ತಿರುತ್ತಾರೆ. ಕ್ಯಾರವಾನಿನ ಹಿಡಿಗೂ ತನ್ನದೇ ಮಿತಿ. ಈ ಮೂರರಲ್ಲಿ ಅತಿ ಕಡಿಮೆಯದೇ ಕೊನೆಯ ಮಾತು. "ಗಟ್ಟಿ ಟೋಬಾರ್ ಕೊಂಡರೆ ಹೆಚ್ಚು ಎಳೆಯಬಹುದಲ್ವಾ?" ಎಂದ ಮಗ. ನೊಗ ಗಟ್ಟಿಯಾದ ಮಾತ್ರಕ್ಕೆ ಎತ್ತಿನ ಬಲ ಹೆಚ್ಚುವುದೇ ಎಂದು ನಾನು ಕೇಳಿದೆ.

1998ರ ಆಗಸ್ಟ್ 1ರ ನಂತರ ಬಳಕೆಗೆ ಬಂದ ಕಾರುಗಳಿಗೆ ಆ ದೇಶದಲ್ಲಿ ಮಾದರಿ ಅನುಮೋದನೆ ಪಡೆದ ಟೋಬಾರನ್ನೇ ಹಾಕಿಸಬೇಕು. ಉಳಿದದ್ದು ಅನುಕೂಲದ ಮಾತು. ಸ್ಥಿರವಾದದ್ದು ಅಗ್ಗ; ಆದರೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸಂವೇದಕಗಳನ್ನು ಅದು ಸುಮ್ಮನೆ ಕೂಗಿಸುವುದುಂಟು. ದೀಪಗಳ ವಿದ್ಯುತ್ ತಂತಿಯಲ್ಲಿ ಮಾತ್ರ ಜುಗ್ಗತನ ಸಲ್ಲದು. ಆಯಾ ಕಾರಿಗೆಂದೇ ಮಾಡಿದ ತಂತಿಯಾದರೆ ಹಿಂದೆ ಗಾಡಿ ಇದೆಯೆಂದು ಕಾರಿಗೆ ತಿಳಿಯುತ್ತದೆ. ಬಳುಕನ್ನು ತಡೆಯುವ ಏರ್ಪಾಡಿರುವ ಕಾರುಗಳಲ್ಲಿ ಅದೂ ಎಚ್ಚರವಾಗುತ್ತದೆ.

ಕೊನೆಗೆ ಕಳಚುವ ಬಗೆಯದೇ ಬಂತು. ಹೊರಡುವ ಮುನ್ನಾದಿನ ಸ್ನಾನದ ಮನೆಯ ತೂಕದ ಯಂತ್ರವನ್ನು ಅಂಗಳಕ್ಕೆ ತಂದು, ಗುಂಡಿನ ಎತ್ತರಕ್ಕೆ ಸರಿಯಾಗಿ ಮರದ ತುಂಡೊಂದನ್ನು ಅದರ ಮೇಲೆ ನಿಲ್ಲಿಸಿ, ಮೂಕಿಯನ್ನು ಅದರ ಮೇಲಿಳಿಸಿದೆವು. ಕ್ಯಾರವಾನ್ ತುಂಬಿದ ತೂಕ 1,050 ಕಿಲೋ. ಮೂಕಿಯ ಭಾರ ಕನಿಷ್ಠ 52 ಆದರೂ ಇರಬೇಕು. ಯಂತ್ರ ತೋರಿಸಿದ್ದು 31. ಮಕ್ಕಳ ಸೈಕಲ್ಲುಗಳೆರಡೂ ಹಿಂಬದಿಗೆ ಕಟ್ಟಿದ್ದವು! ಅವನ್ನು ಬಿಚ್ಚಿ, ಒಳಗೆ ಅಚ್ಚಿನ ನೇರಕ್ಕೆ ಮಲಗಿಸಿ, ಪಾತ್ರೆಗಳ ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದೆವು. ಮುಳ್ಳು 62ಕ್ಕೆ ಬಂದು ನಿಂತಿತು. ಕಾರಿನ ಮಿತಿ 75. ಮಗ ಮತ್ತೊಮ್ಮೆ ನೋಡಿ ಅಂಕಿಯನ್ನು ಕೈಪಿಡಿಯ ಅಂಚಿನಲ್ಲಿ ಬರೆದುಕೊಂಡ. ಮೊಮ್ಮಗ ಮಾತ್ರ ತನ್ನ ಸೈಕಲ್ಲು ಹೊರಗಿನಿಂದ ಕಾಣುವುದಿಲ್ಲವೆಂದು ಊಟದವರೆಗೂ ಮುನಿಸಿಕೊಂಡಿದ್ದ.